ಜಾರ್ಡನ್ ಕೆರೆಯಲ್ಲಿ ಹೊನ್ನಾವರದ ಹಕ್ಕಿ



ಕಳೆದ ಜನವರಿಯ ಒಂದು ಶನಿವಾರ ಬೆಳಗಿನ ಜಾವ, ಊರಿನಿಂದ ಬಂದಿದ್ದ ಅಪ್ಪನನ್ನು ಎಬ್ಬಿಸಿ, ಎರಡು ಸ್ವೆಟರ್, ಒಂದು ಮಫ್ಲರ್, ನನ್ನ ಮಗನ ಉಣ್ಣೆಯ ಟೋಪಿ ಎಲ್ಲವನ್ನೂ ತೊಡಿಸಿ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಜಾರ್ಡನ್ ಲೇಕಿಗೆ ಸುಮಾರು ಅರ್ಧ ಗಂಟೆಯ ದಾರಿ. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಉಪ್ಪಿಟ್ಟು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅಪ್ಪ ಕೇಳಿದರು. ಅಪರೂಪದ ಒಂದು ಹಕ್ಕಿ ಬಂದಿರಬಹುದಂತೆ, ನೋಡೋಣ ಎಂದೆ. ಯಾವ ಹಕ್ಕಿ? ಬ್ಲ್ಯಾಕ್-ಹೆಡೆಡ್ ಗಲ್, ನಮ್ಮ ಕಡಲಕಾಗೆಯ ಜಾತಿ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಹೊನ್ನಾವರದಲ್ಲಿ ರಾಶಿ ರಾಶಿ ಇದೆಯಲ್ಲೋ" ಎಂದರು.

ಅವರು ಹೇಳಿದ್ದು ನಿಜ. ಕರಿತಲೆಯ ಈ ಕಡಲಕಾಗೆ ಯುರೋಪ್, ಏಷ್ಯಾಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತದೆ. ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯಲ್ಲಿ ಮೀನು ದೋಣಿಗಳ ಹಿಂದೆ ಕಿರುಚುತ್ತ ಹಾರುವ ಗುಂಪುಗಳಲ್ಲಿ ಇದೂ ಇದೆ, ಟಿಬೆಟ್ ಮತ್ತು ಲಡಾಖಿನ ಕಡೆಯಿಂದ ಇಳಿಯುವ ಇದರ ಅಣ್ಣ ಕಂದುತಲೆಯದೂ ಇದೆ. ಹೆಸರಿಗೆ ಕರಿತಲೆ, ಆದರೆ ಬೇಸಿಗೆಯ ಪೂರ್ಣ ಪುಕ್ಕದಲ್ಲೂ ತಲೆ ಚಾಕೊಲೇಟ್ ಕಂದು. ಚಳಿಗಾಲದಲ್ಲಂತೂ ಅದೂ ಇರುವುದಿಲ್ಲ, ಕಿವಿಯ ಹಿಂದೆ ಒಂದು ಮಸಿಯ ಚುಕ್ಕೆ ಉಳಿದರೆ ಹೆಚ್ಚು. ಹೆಸರಿಟ್ಟವರನ್ನು ಏನೆನ್ನಬೇಕೋ!

ಇದೇ ಹಕ್ಕಿ ನಾರ್ತ್ ಕೆರೊಲಿನಾದಲ್ಲಿ ಅಪರೂಪ. ಇಪ್ಪತ್ತನೆಯ ಶತಮಾನದಲ್ಲಿ ಅದು ಮೆಲ್ಲಗೆ ಪಶ್ಚಿಮಕ್ಕೆ ಸರಿದು ಬಂತು. 1911ರಲ್ಲಿ ಐಸ್‌ಲೆಂಡಿನಲ್ಲಿ ಗೂಡು ಕಟ್ಟಿತು, 1977ರಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ. ಅಲ್ಲಿಂದ ಚಳಿಗಾಲದಲ್ಲಿ ಒಂದೋ ಎರಡೋ ದಾರಿ ತಪ್ಪಿಯೋ ಬೇಕೆಂದೋ ದಕ್ಷಿಣಕ್ಕೆ ಬರುತ್ತವೆ. ಅವು ಬಂದರೂ ಬಹುಮಟ್ಟಿಗೆ ಕಡಲಂಚಿನಲ್ಲೇ ಉಳಿಯುತ್ತವೆ. ನಮ್ಮ ಒಳನಾಡಿನ ಕೆರೆಯಲ್ಲಿ ಕಂಡರೆ ಊರಿನ ಹಕ್ಕಿಪ್ರಿಯರೆಲ್ಲ ಕೆಲಸಕ್ಕೆ ರಜೆ ಹಾಕುತ್ತಾರೆ. ಅಂದರೆ ವಲಸೆ ಬಂದ ಮೇಲೆ ಸಾಮಾನ್ಯನೂ ಅಸಾಮಾನ್ಯನಾಗುತ್ತಾನೆ. (ನಮ್ಮ ಸಂಘದ ಕೆಲವು ಕವಿಗಳ ಬಗ್ಗೆ ಹೇಳುತ್ತಿಲ್ಲ, ಯಾರೂ ತಪ್ಪು ತಿಳಿಯಬಾರದು.)

ಹಕ್ಕಿಯ ಕತೆ ಇಷ್ಟೇ ಆಗಿದ್ದರೆ ಈ ಪತ್ರಿಕೆಗೆ ಬರೆಯುತ್ತಿರಲಿಲ್ಲ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಕಡಲಿನಿಂದ ನೂರೈವತ್ತು ಮೈಲಿ ಒಳಗಿರುವ ಈ ಪೀಡ್‌ಮಾಂಟ್ ನೆಲಕ್ಕೆ ಕಡಲಕಾಗೆಗಳು ಬಂದದ್ದಾದರೂ ಹೇಗೆ?

ಈ ಸೀಮೆಯಲ್ಲಿ ಪ್ರಕೃತಿ ಮಾಡಿದ ಕೆರೆ ಒಂದೂ ಇಲ್ಲ. ನಾವು ಬೇಸಿಗೆಯಲ್ಲಿ ದೋಣಿ ನಡೆಸುವ, ಪಿಕ್ನಿಕ್ ಮಾಡುವ ಜಾರ್ಡನ್, ಫಾಲ್ಸ್ ಎಲ್ಲವೂ ಅಣೆಕಟ್ಟಿನ ಹಿನ್ನೀರು. 1880ರಲ್ಲಿ ಇಂಗ್ಲೆಂಡಿನಿಂದ ರಾಲೀಗೆ ವಲಸೆ ಬಂದ ಬ್ರಿಮ್ಲಿ ಸಹೋದರರು ಇಲ್ಲಿನ ಹಕ್ಕಿಗಳನ್ನು ಹುಡುಕಿ ದಾಖಲಿಸಿದ ಕಾಲದಲ್ಲಿ ಈ ನೀರು ಇರಲಿಲ್ಲ. ಇವರೂ ನಮ್ಮ ಹಾಗೆ ಹೊರಗಿನವರು ಎಂಬುದು ನನಗೆ ಖುಷಿಯ ವಿಷಯ. ಮೊದಲು ಹಕ್ಕಿ, ಹಲ್ಲಿ, ಕಪ್ಪೆಗಳ ಮಾದರಿಗಳನ್ನು ಸಿದ್ಧಪಡಿಸಿ ಮಾರಿ ಹೊಟ್ಟೆ ಹೊರೆದರು. ಅಣ್ಣ ಎಚ್. ಎಚ್. ಬ್ರಿಮ್ಲಿ 1895ರಲ್ಲಿ ರಾಜ್ಯದ ವಸ್ತುಸಂಗ್ರಹಾಲಯದ ಕ್ಯುರೇಟರ್ ಆದರು. ತಮ್ಮ ಸಿ. ಎಸ್. ಬ್ರಿಮ್ಲಿ ಕೀಟ, ಉರಗಗಳ ಪಂಡಿತರು. ಗಿಲ್ಬರ್ಟ್ ಪಿಯರ್ಸನ್ ಜೊತೆ ಸೇರಿ ಇಬ್ಬರೂ 1919ರಲ್ಲಿ 'ಬರ್ಡ್ಸ್ ಆಫ್ ನಾರ್ತ್ ಕೆರೊಲಿನಾ' ಎಂಬ ದೊಡ್ಡ ಪುಸ್ತಕ ತಂದರು.

ಈ ಪಿಯರ್ಸನ್ ಮಜಾ ಮನುಷ್ಯ. ಕಾಲೇಜಿಗೆ ಸೇರಲು ಕಾಸಿಲ್ಲದೆ, ತಾನು ಕೂಡಿಸಿದ್ದ ಹಕ್ಕಿ ಮೊಟ್ಟೆಗಳನ್ನೂ ಹುಲ್ಲು ತುಂಬಿದ ಹಕ್ಕಿಗಳನ್ನೂ ಗ್ರೀನ್ಸ್‌ಬರೊ ಬಳಿಯ ಗಿಲ್ಫರ್ಡ್ ಕಾಲೇಜಿಗೆ ಕೊಟ್ಟು, ಅದರ ಬದಲಿಗೆ ಊಟ, ವಸತಿ, ಪಾಠ ಪಡೆದ. ಆಗ ಹೆಂಗಸರ ಟೋಪಿಗೆ ಗರಿ ಸಿಕ್ಕಿಸುವ ಫ್ಯಾಷನ್ ಜೋರಾಗಿತ್ತು. ಟೋಪಿಗಾಗಿ ಬೆಳ್ಳಕ್ಕಿ, ರೀವ, ಕಡಲಕಾಗೆಗಳನ್ನು ಸಾವಿರಗಟ್ಟಲೆ ಕೊಂದರು. ಪಿಯರ್ಸನ್ 1902ರಲ್ಲಿ ರಾಜ್ಯದ ಆಡೊಬಾನ್ ಸೊಸೈಟಿ ಕಟ್ಟಿದ. ಮರುವರ್ಷ ವಿಧಾನಸಭೆ ಆ ಖಾಸಗಿ ಸಂಘಕ್ಕೇ ಹಕ್ಕಿಗಳನ್ನು ಕಾಯುವ ಕಾನೂನಿನ ಅಧಿಕಾರ ಕೊಟ್ಟಿತು, ಕಾವಲುಗಾರರನ್ನು ನೇಮಿಸಿಕೊಳ್ಳುವ ಹಕ್ಕೂ ಸೇರಿ. 1918ರಲ್ಲಿ ವಲಸೆ ಹಕ್ಕಿಗಳ ರಾಷ್ಟ್ರೀಯ ಕಾಯಿದೆ ಬಂತು. ಗ್ರೇಟ್ ಲೇಕ್ಸ್ ಸುತ್ತ ಅಳಿವಿನ ಅಂಚಿಗೆ ಹೋಗಿದ್ದ ಉಂಗುರ ಕೊಕ್ಕಿನ ಕಡಲಕಾಗೆ ಆಮೇಲಿನ ದಶಕಗಳಲ್ಲಿ ಮತ್ತೆ ಲಕ್ಷಗಟ್ಟಲೆಯಾಯಿತು. ನಾವು ವಾಲ್‌ಮಾರ್ಟ್ ಪಾರ್ಕಿಂಗ್ ಲಾಟಿನಲ್ಲಿ ಆಲೂ ಫ್ರೈಗಾಗಿ ಜಗಳವಾಡುವುದನ್ನು ನೋಡಿ ಮುಖ ಸಿಂಡರಿಸುತ್ತೇವಲ್ಲ, ಅದೇ ಇದು.

ಹಕ್ಕಿ ಉಳಿಯಿತು, ಸರಿ. ಒಳನಾಡಿನಲ್ಲಿ ಅದಕ್ಕೆ ರಾತ್ರಿ ತಂಗಲು ವಿಶಾಲ ನೀರು ಬೇಕಲ್ಲ? ಅದನ್ನು ಕೊಟ್ಟದ್ದು ಒಂದು ಪ್ರವಾಹ. 1945ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಕೇಪ್ ಫಿಯರ್ ನದಿ ಉಕ್ಕಿ ಫಯೆಟ್‌ವಿಲ್ ಪಟ್ಟಣವನ್ನು ಮುಳುಗಿಸಿತು. ಮೇಲ್ದಂಡೆಯಲ್ಲಿ ಹಾ ನದಿಗೆ ಅಣೆಕಟ್ಟು ಬೇಕೆಂಬ ಕೂಗೆದ್ದಿತು. 1963ರಲ್ಲಿ ಕಾಂಗ್ರೆಸ್ ಒಪ್ಪಿತು, 1967ರಲ್ಲಿ ಕೆಲಸ ಶುರುವಾಯಿತು. ಮೊದಲ ಹೆಸರು ನ್ಯೂ ಹೋಪ್, ಹೊಸ ಭರವಸೆ. 1973ರಲ್ಲಿ ಮಾಜಿ ಸೆನೆಟರ್ ಎವರೆಟ್ ಜಾರ್ಡನ್ ಅವರ ಹೆಸರಿಟ್ಟರು. ಕೊಳಕು ನೀರು ನಿಂತು ಪಾಚಿಗಟ್ಟುತ್ತದೆ ಎಂದು ವಿಜ್ಞಾನಿಗಳೂ ಪರಿಸರವಾದಿಗಳೂ ಕೋರ್ಟಿಗೆ ಹೋದರು. ಕಟ್ಟೆ ಎದ್ದು ನಿಂತ ಮೇಲೂ ನೀರು ತುಂಬಿಸಲು 1981ರವರೆಗೆ ಕಾಯಬೇಕಾಯಿತು. ಅವರು ಹೇಳಿದಂತೆಯೇ ಪಾಚಿಯೂ ಬಂತು. ಅದನ್ನು ತಡೆಯಲು 2009ರಲ್ಲಿ ಮಾಡಿದ ನಿಯಮಗಳನ್ನು ರಾಜ್ಯದ ಶಾಸಕರು ಮತ್ತೆ ಮತ್ತೆ ಮುಂದೂಡಿದರು. ಕೇರಿ, ಏಪೆಕ್ಸ್‌ಗಳಲ್ಲಿರುವ ನಮ್ಮವರು ಬೆಳಗಿನ ಕಾಫಿಗೆ ಕಾಯಿಸುವುದು ಇದೇ ನೀರನ್ನು.

ಸುಮಾರು 14,000 ಎಕರೆ ನೀರು. ಚಳಿಯ ಹೊಡೆತಕ್ಕೆ ಮಂಕಾಗಿ ಮೇಲೆ ತೇಲುವ ಶ್ಯಾಡ್ ಎಂಬ ಸಣ್ಣ ಮೀನು. ಸುತ್ತ ಬೆಳೆದ ಊರುಗಳ ಕಸದ ಗುಡ್ಡೆ. ಕಡಲಕಾಗೆಗೆ ಇನ್ನೇನು ಬೇಕು?

ಸೀಫೋರ್ತ್ ಎಂಬ ಕಡೆ ಕಾರು ನಿಲ್ಲಿಸಿ, ಟ್ರೈಪಾಡ್ ಹೂಡಿ ದೂರದರ್ಶಕ ಏರಿಸಿದೆ. ಉಷ್ಣತೆ ಇಪ್ಪತ್ತೆಂಟು ಡಿಗ್ರಿ (ಫ್ಯಾರನ್‌ಹೀಟ್, ಊರಿನವರು ಅಸೂಯೆಪಡುವುದು ಬೇಡ). ನೀರಿನ ಮೇಲೆ ಹಬೆ. ಆಚೆ ಬದಿಯಲ್ಲಿ ನೂರಾರು ಬೋನಪಾರ್ಟ್ ಗಲ್‌ಗಳು ರೀವಗಳ ಹಾಗೆ ಹಗುರಾಗಿ ಹಾರಿ ನೀರು ಕುಟುಕುತ್ತಿದ್ದವು. ಹೌದು, ಅದೇ ಬೋನಪಾರ್ಟ್. ನೆಪೋಲಿಯನ್ನನ ತಮ್ಮನ ಮಗ ಚಾರ್ಲ್ಸ್ ಲೂಸಿಯನ್ 1820ರ ದಶಕದಲ್ಲಿ ಫಿಲಡೆಲ್ಫಿಯಾದ ಸುತ್ತ ನೆಲೆಸಿ ಅಮೆರಿಕದ ಹಕ್ಕಿಗಳ ಮೇಲೆ ಬರೆದ ವಿದ್ವಾಂಸ, ಅವನ ಹೆಸರು ಇದಕ್ಕೆ. 2023ರ ನವೆಂಬರಿನಲ್ಲಿ ಅಮೆರಿಕನ್ ಆರ್ನಿಥಾಲಜಿಕಲ್ ಸೊಸೈಟಿ ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳಿಗೆಲ್ಲ ಹೊಸ ಹೆಸರು ಕೊಡುತ್ತೇವೆಂದು ಘೋಷಿಸಿತು. ಇದರ ಸರದಿ ಬಂದಾಗ ಸಾಮ್ರಾಟನ ಮನೆತನಕ್ಕೆ ಮತ್ತೊಂದು ಸೋಲು.

ನಾವು ಹುಡುಕುವ ಅಪರೂಪದ ಹಕ್ಕಿ ಇಂಥ ಗುಂಪಿನಲ್ಲೇ ಬೆರೆತಿರುತ್ತದೆ. ಕೊಂಚ ದೊಡ್ಡದು, ಕಪ್ಪು ಕೊಕ್ಕಿನ ಬದಲು ಕೆಂಪು ಕೊಕ್ಕು, ರೆಕ್ಕೆಯಡಿ ತುದಿಯ ಗರಿಗಳು ಹೊಗೆಬಣ್ಣ. ಐನೂರರಲ್ಲಿ ಒಂದನ್ನು, ಅರ್ಧ ಮೈಲಿ ದೂರದಿಂದ, ಕಣ್ಣಲ್ಲಿ ನೀರು ಬರುವ ಗಾಳಿಯಲ್ಲಿ ಹೀಗೆ ಹುಡುಕಬೇಕು.

ನಾನು ಹುಡುಕುತ್ತಿದ್ದೆ. ಅಪ್ಪ ನೀರಂಚಿಗೆ ಹೋಗಿ ನಿಂತಿದ್ದರು. ಹತ್ತು ನಿಮಿಷ ಬಿಟ್ಟು ಬಂದು ಕೇಳಿದರು: "ಇದರ ಕೆಳಗೆ ಯಾವ ಊರಿತ್ತು?"

ಹಿನ್ನೀರು ಎಂದು ನಾನು ಅವರಿಗೆ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದರೆ, "ದಂಡೆ ನೋಡಿದರೆ ತಿಳಿಯುತ್ತದೆ, ಕೆರೆಗೆ ದಂಡೆ ಹೀಗಿರುವುದಿಲ್ಲ, ಇದು ಗುಡ್ಡದ ಮಗ್ಗುಲು" ಎಂದರು.

ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮದು ಮುಳುಗಡೆಯ ಮನೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು ತುಂಬಿಕೊಂಡಾಗ ಅಪ್ಪನಿಗೆ ಹನ್ನೆರಡು ವರ್ಷ. ಸಾಗರ ತಾಲೂಕಿನ ಅವರ ಹಳ್ಳಿ ನಕ್ಷೆಯಲ್ಲಿಲ್ಲ. 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು ಎಂದಮೇಲೆ ಅಡಿಕೆ ತೋಟದ ಮಾತೇನು. ಬೇಸಿಗೆಯಲ್ಲಿ ನೀರಿಳಿದರೆ ಆ ಹಳೆಯ ಕಟ್ಟೆ ಎದ್ದು ಕಾಣುತ್ತದೆ, ತೋಟ ಕಾಣುವುದಿಲ್ಲ. ನಾ. ಡಿಸೋಜ ಇದನ್ನೇ 'ಮುಳುಗಡೆ', 'ದ್ವೀಪ'ಗಳಲ್ಲಿ ಬರೆದರು. 'ದ್ವೀಪ'ವನ್ನು ಕಾಸರವಳ್ಳಿಯವರು ಸಿನಿಮಾ ಮಾಡಿದಾಗ ನಾವು ಇಲ್ಲಿ ಡಿವಿಡಿ ತರಿಸಿ ನೋಡಿದೆವು. ಮನೆಯಲ್ಲಿ ಹಾಕಿದಾಗ ಅಪ್ಪ ಎದ್ದು ಹೊರಗೆ ಹೋಗಿದ್ದರು. ಹಿನ್ನೀರಿನ ಜನ ದಾಟಲು 2025ರ ಜುಲೈನಲ್ಲಿ ಸೇತುವೆ ಬಂತು. ಅರವತ್ತು ವರ್ಷ ಲಾಂಚು, ದೋಣಿ.

ಜಲಾಶಯದ ಕೆಳಗೆ ಅದೇ ನದಿಯ ಬಾಯಲ್ಲಿ, ಹೊನ್ನಾವರದಲ್ಲಿ, ಅಪ್ಪ ಮೇಷ್ಟ್ರಾಗಿ ಬದುಕು ಕಟ್ಟಿಕೊಂಡರು. ಕಡಲಕಾಗೆ ಗೊತ್ತಾದದ್ದು ಅಲ್ಲಿ.

ನಾನು ಗೊತ್ತಿದ್ದಷ್ಟು ಹೇಳಿದೆ. ನಾವು ನಿಂತ ಸೀಫೋರ್ತ್, ಸ್ವಲ್ಪ ಮೇಲಿನ ಫಾರಿಂಗ್ಟನ್, ಎರಡೂ ಒಂದು ಕಾಲದ ಊರುಗಳ ಹೆಸರು. ಈಗ ದೋಣಿ ಇಳಿಸುವ, ಟೆಂಟ್ ಹಾಕುವ ಜಾಗಗಳ ಬೋರ್ಡಿನಲ್ಲಿ ಉಳಿದಿವೆ. ಹೊಲ, ಮನೆ ಬಿಟ್ಟು ಜನ ಹೋದರು, ಸಮಾಧಿಗಳನ್ನು ಅಗೆದು ಬೇರೆಡೆಗೆ ಸಾಗಿಸಿದರು, ರೈಲು ಹಳಿಯನ್ನು ಕಿತ್ತು ಬೇರೆ ದಾರಿಯಲ್ಲಿ ಹಾಕಿದರು. ನೀರು ಬರುವ ಮುಂಚೆ ಹಾ ನದಿಯ ದಂಡೆಯಲ್ಲಿ ಅಗೆದವರಿಗೆ ಹತ್ತು ಸಾವಿರ ವರ್ಷದ ಹಿಂದಿನ ಕಲ್ಲಿನ ಹತಾರಗಳು ಸಿಕ್ಕವು.

"ಸತ್ತವರನ್ನೂ ಸಾಗಿಸಿದರಾ?" ಅಪ್ಪ ಅಷ್ಟನ್ನೇ ಹಿಡಿದರು. "ನಮ್ಮಲ್ಲಿ ಚೌಡಿಯ ಕಲ್ಲನ್ನು ಅಜ್ಜ ಹೊತ್ತು ತಂದರು. ಉಳಿದದ್ದೆಲ್ಲ ಅಲ್ಲೇ."

ನನಗೆ ನಾಚಿಕೆಯಾಯಿತು. ಈ ನೀರಿಗೆ ಇಪ್ಪತ್ತು ವರ್ಷದಿಂದ ಬರುತ್ತಿದ್ದೇನೆ. ಇಲ್ಲಿನ ಹದ್ದುಗಳ ಬಗ್ಗೆ, ಬಾತುಗಳ ಬಗ್ಗೆ ಇದೇ ಪತ್ರಿಕೆಯಲ್ಲಿ ಉತ್ಸಾಹದಿಂದ ಬರೆದಿದ್ದೇನೆ. ಆ ಪ್ರಶ್ನೆಯನ್ನು ನಾನಾಗಿ ಒಮ್ಮೆಯೂ ಕೇಳಿರಲಿಲ್ಲ. ಮುಳುಗಡೆಯ ಮನೆಯ ಹುಡುಗ ಬೇರೆಯವರ ಮುಳುಗಡೆಯ ಮೇಲೆ ನಿಂತು ಹಕ್ಕಿ ಎಣಿಸುತ್ತಿದ್ದೆ. ಹಾಗೆಂದು ಅಣೆಕಟ್ಟು ಕಟ್ಟಿದ್ದೇ ತಪ್ಪು ಎನ್ನಲಾರೆ. ಆ ನೀರು ಕುಡಿಯುವವನು ನಾನು, ಶರಾವತಿಯ ಕರೆಂಟಿನಲ್ಲಿ ಓದಿದವನೂ ನಾನೇ.

ಅಷ್ಟರಲ್ಲಿ ಎಡಬದಿಯ ಗುಂಪಿನಲ್ಲಿ ಒಂದು ಹಕ್ಕಿ ಬೇರೆಯಾಗಿ ಕಂಡಿತು. ಕೊಂಚ ಭಾರದ ಹಾರಾಟ, ರೆಕ್ಕೆಯಡಿ ಕಪ್ಪಾದಂತಿತ್ತು. ಕೊಕ್ಕು? ಕೆಂಪೇ ಇರಬೇಕು. ಅಪ್ಪನನ್ನು ಕರೆದು ದೂರದರ್ಶಕಕ್ಕೆ ಕಣ್ಣು ಕೊಡಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡುವಷ್ಟರಲ್ಲಿ ಬೋಳುಹದ್ದೊಂದು ಪೈನ್ ಮರದಿಂದ ಇಳಿಯಿತು. ಇಡೀ ಗುಂಪು ಎದ್ದು, ಬಿಸಿಲಿಗೆ ಬಿಳಿಯ ಚೂರುಗಳಾಗಿ, ಕಟ್ಟೆಯ ಕಡೆ ಹೋಯಿತು. ಮತ್ತೆರಡು ಗಂಟೆ ಕಾದೆವು. ಉಪ್ಪಿಟ್ಟು ತಣ್ಣಗಾಯಿತು. ಪಟ್ಟಿಯಲ್ಲಿ ಅದನ್ನು ಬರೆಯಲಿಲ್ಲ. ಕೊಕ್ಕು ಸರಿಯಾಗಿ ಕಾಣದೆ ಬರೆಯಬಾರದು.

ಅಪ್ಪ ಫೆಬ್ರವರಿಯಲ್ಲಿ ವಾಪಸು ಹೋದರು. ಹೋದ ವಾರಕ್ಕೇ ಫೋನು. ಬಂದರಿಗೆ ಹೋಗಿದ್ದರಂತೆ. "ಕೆಂಪು ಕೊಕ್ಕಿನವು ಇನ್ನೂರರ ತನಕ ಎಣಿಸಿದೆ, ಆಮೇಲೆ ಬಿಟ್ಟೆ. ನಿನ್ನದು ಕರಿತಲೆಯೋ, ಕಂದುತಲೆಯೋ ಹೇಳಿದ್ದೆ?"