ಪ್ರಾಥಮಿಕ ಶಾಲೆಯಲ್ಲಿ ಪ್ರಾಣಿಪಾಠ: ಪಟ್ಟಿ ಮತ್ತು ನೆಲೆ

ಆರರಿಂದ ಹತ್ತು ವರ್ಷದ ಮಕ್ಕಳಿಗೆ ಪ್ರಾಣಿಗಳನ್ನೂ ಅವು ಬದುಕುವ ನೆಲೆಗಳನ್ನೂ ಪರಿಚಯಿಸುವ ಪಾಠ ಇಂದು ಪರಿಸರ ಅಧ್ಯಯನ ಎಂಬ ವಿಷಯದ ಭಾಗ. ಕನ್ನಡ ಶಾಲೆಯಲ್ಲಿ ಓದಿದವರಲ್ಲಿ ಹೆಚ್ಚಿನವರಿಗೆ ಅದರ ಒಂದು ರೂಪ ಬಾಯಿಪಾಠವಾಗಿರುತ್ತದೆ: ಸಿಂಹ – ಗುಹೆ, ಇಲಿ – ಬಿಲ, ಹಕ್ಕಿ – ಗೂಡು, ಹಾವು – ಹುತ್ತ, ಹಸು – ಕೊಟ್ಟಿಗೆ, ಕುದುರೆ – ಲಾಯ. 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆಗೆ ಇದು ಹೇಳಿ ಮಾಡಿಸಿದ ಸಾಮಗ್ರಿ. ಆದರೆ ಇದರ ಕೆಲವು ಸಾಲುಗಳು ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ. ಭಾರತದ ಕಾಡುಸಿಂಹಗಳು ಉಳಿದಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ. ಅಲ್ಲಿನ ಎಲೆಯುದುರುವ ಒಣ ಕಾಡಿನಲ್ಲೂ ಕುರುಚಲಿನಲ್ಲೂ ಅವು ನೆರಳು ಹುಡುಕಿ ಮಲಗುತ್ತವೆಯೇ ಹೊರತು ಗುಹೆಯಲ್ಲಿ ಸಂಸಾರ ಹೂಡುವುದಿಲ್ಲ. ಹಕ್ಕಿಗೆ ಗೂಡು ಬೇಕಾಗುವುದು ಮೊಟ್ಟೆಯಿಟ್ಟು ಮರಿ ಸಾಕುವ ಕಾಲಕ್ಕೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಮೀನಿಗಾಗಿ ಸುತ್ತಲಿನ ಕೆರೆ ಹೊಳೆಗಳಿಗೆ ಹೋಗುತ್ತವೆ, ಮರಿಗಳು ಹಾರತೊಡಗಿದ ಮೇಲೆ ಊರನ್ನೇ ಬಿಡುತ್ತವೆ. ಈ ಜಾಗಗಳಲ್ಲಿ ಹೆಜ್ಜಾರ್ಲೆಯ ಮನೆ ಯಾವುದು ಎಂದು ಒಂದೇ ಪದದಲ್ಲಿ ಉತ್ತರಿಸುವಂತಿಲ್ಲ. ಇನ್ನು ಹುತ್ತ ಹಾವು ಕಟ್ಟಿದ್ದಲ್ಲ ಎಂಬುದನ್ನು ಪಠ್ಯಪುಸ್ತಕಕ್ಕಿಂತ ಮೊದಲೇ ಗಾದೆ ಹೇಳಿಯಾಗಿದೆ. ಇಂಥ ಪಟ್ಟಿ ಎಲ್ಲಿಂದ ಬಂತು, ಎಷ್ಟು ಸಲ ತಿದ್ದಿದರೂ ಯಾಕೆ ಹೋಗಲಿಲ್ಲ ಎಂಬುದೇ ಈ ಬೋಧನೆಯ ಇತಿಹಾಸದ ತಿರುಳು. ಪಾಠ ನಿಲ್ಲಬೇಕಾದದ್ದು ಒಂದು ಪ್ರಾಣಿಯ ಮೇಲೋ ಒಂದು ಜಾಗದ ಮೇಲೋ ಎಂಬ ಚರ್ಚೆಗೆ ಸುಮಾರು ನೂರನಲವತ್ತು ವರ್ಷ ಆಯಿತು. ಚರ್ಚೆಯಲ್ಲಿ ಜಾಗ ಗೆದ್ದಾಗಲೂ ತರಗತಿಯಲ್ಲಿ ಪಟ್ಟಿಯೇ ಗೆಲ್ಲುತ್ತ ಬಂದಿದೆ. ಅದಕ್ಕೆ ಕಾರಣ ಮಕ್ಕಳ ಬುದ್ಧಿಯಲ್ಲಿಲ್ಲ, ಶಾಲೆಯ ಅನುಕೂಲದಲ್ಲಿದೆ.

ಶಾಲೆಗಿಂತ ಮುಂಚೆ ಪ್ರಾಣಿಗಳು ಮಕ್ಕಳ ಬಳಿಗೆ ಬಂದದ್ದು ಕತೆಯ ಮೂಲಕ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಕಾಡು ಎಂದರೆ ಒಂದು ಆಸ್ಥಾನ. ಸಿಂಹ ಅರಸ, ನರಿ ಮಂತ್ರಿ. ಗೋವಿನ ಹಾಡಿನ ಹುಲಿ ಹಸುವಿನ ಸತ್ಯಕ್ಕೆ ಸೋತು ಪ್ರಾಣ ಬಿಡುತ್ತದೆ. ನೀತಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು, ಹುಲಿಯ ಬಗ್ಗೆ ಇದಕ್ಕಿಂತ ಕೆಟ್ಟ ಪಾಠವೂ ಸಿಗದು. ಪ್ರಾಣಿಯನ್ನು ಪ್ರಾಣಿಯಾಗಿಯೇ ತೋರಿಸಲು ಹೊರಟ ಹಳೆಯ ಮಕ್ಕಳ ಪುಸ್ತಕಗಳಲ್ಲಿ ಹೆಸರಾದದ್ದು ಮೊರಾವಿಯಾದ ಶಿಕ್ಷಣಚಿಂತಕ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚು ಹಾಕಿಸಿದ 'ಓರ್ಬಿಸ್ ಪಿಕ್ಟಸ್'. ಮರದಚ್ಚಿನ ಚಿತ್ರಗಳ ಆ ಲ್ಯಾಟಿನ್–ಜರ್ಮನ್ ಪುಸ್ತಕ ಅಕ್ಷರಮಾಲೆಯನ್ನೇ ಪ್ರಾಣಿಗಳ ಕೂಗಿನಿಂದ ಆರಂಭಿಸುತ್ತದೆ. ಮೊದಲ ಅಕ್ಷರಕ್ಕೆ ನಿಂತಿರುವುದು ಕಾಗೆ. ಮುಂದಿನ ಪಾಠಗಳ ವಿಂಗಡಣೆ ಇನ್ನೂ ಕುತೂಹಲದ್ದು: ಮನೆಯ ಹಕ್ಕಿ, ಹೊಲ ಮತ್ತು ಕಾಡಿನ ಹಕ್ಕಿ, ನೀರಹಕ್ಕಿ, ಮನೆಯ ಸುತ್ತಲಿನ ನಾಲ್ಕುಕಾಲಿನವು, ಮಂದೆಯವು, ನೀರಿನಲ್ಲೂ ನೆಲದಲ್ಲೂ ಬದುಕುವವು, ಹೊಳೆ ಹೊಂಡದ ಮೀನು, ಕಡಲಿನ ಮೀನು. ಮಗು ಎಲ್ಲಿ ಯಾವುದನ್ನು ಕಾಣಬಹುದು ಎಂಬುದೇ ಇಲ್ಲಿ ಕ್ರಮ. ಪರಿಸರ ವಿಜ್ಞಾನ ಹುಟ್ಟಲು ಇನ್ನೂ ಇನ್ನೂರು ವರ್ಷ ಬಾಕಿಯಿದ್ದಾಗ ಜಾಗದ ಲೆಕ್ಕದಲ್ಲಿ ಪ್ರಾಣಿಗಳನ್ನು ಸೇರಿಸುವುದು ಒಬ್ಬ ಶಿಕ್ಷಕನಿಗೆ ಸಹಜವಾಗಿ ತೋರಿತ್ತು.

ಅದನ್ನು ಕೆಡಿಸಿದ್ದು, ವಿಚಿತ್ರವೆಂದರೆ, ವಿಜ್ಞಾನದ ಶಿಸ್ತೇ. ಲಿನ್ನೇಯಸ್ ನಂತರದ ವರ್ಗೀಕರಣ ಶಾಲೆಗೂ ಇಳಿಯಿತು. ಸ್ವಿಸ್ ಶಿಕ್ಷಣಚಿಂತಕ ಪೆಸ್ಟಲೋಜಿಯ ಪ್ರೇರಣೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಹಬ್ಬಿದ ವಸ್ತುಪಾಠ ಕಣ್ಣಾರೆ ನೋಡಿ ಕಲಿಯಬೇಕೆಂದು ಹೇಳಿದ್ದು ದೊಡ್ಡ ಹೆಜ್ಜೆಯೇ. ಆದರೆ ಮೇಜಿನ ಮೇಲೆ ಬಂದದ್ದು ಜಾಗದಿಂದ ಕಿತ್ತ ವಸ್ತು, ಹುಲ್ಲು ತುಂಬಿದ ಹಕ್ಕಿ, ಗಾಜಿನ ಭರಣಿಯ ಹಾವು. ಜರ್ಮನಿಯಲ್ಲಿ ಆಗಸ್ಟ್ ಲ್ಯೂಬೆನ್ ರೂಪಿಸಿದ ಕ್ರಮದಂತೆ ಮಕ್ಕಳು ಒಂದೊಂದೇ ಪ್ರಾಣಿಯ ಲಕ್ಷಣ ವರ್ಣಿಸಿ, ಹೋಲಿಸಿ, ಗುಂಪು ಮಾಡುತ್ತಿದ್ದರು. ಇದರ ವಿರುದ್ಧ ಎದ್ದವನು ಕೀಲ್ ನಗರದ ಶಾಲಾಶಿಕ್ಷಕ ಫ್ರೀಡ್ರಿಖ್ ಯುಂಗೆ. ಆ ನಗರದಲ್ಲೇ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಕಾರ್ಲ್ ಮೋಬಿಯಸ್ ಕಡಲ ಸಿಂಪಿಗಳ ಬಗ್ಗೆ 1877ರಲ್ಲಿ ಒಂದು ಪುಸ್ತಕ ಬರೆದಿದ್ದ. ಸಿಂಪಿಯೊಂದೇ ಅಲ್ಲ, ಅದು ಕೂತ ತಳದ ಎಲ್ಲ ಜೀವಿಗಳೂ ಒಂದಕ್ಕೊಂದು ಕಟ್ಟುಬಿದ್ದ ಒಂದು ಸಮುದಾಯ. ಅತಿಯಾಗಿ ಹಿಡಿದು ಸಿಂಪಿ ಕಡಿಮೆಯಾದರೆ ಆ ಎಡೆಯನ್ನು ಬೇರೆ ಚಿಪ್ಪುಜೀವಿಗಳು ತುಂಬುತ್ತವೆ ಎಂಬುದು ಅವನ ವಾದ. ಯುಂಗೆ ಅವನ ಉಪನ್ಯಾಸಗಳನ್ನು ಕೇಳಿ, ಆ ವಿಚಾರವನ್ನು ಕಡಲಿನಿಂದ ಊರ ಕೊಳಕ್ಕೆ ತಂದ. 1885ರಲ್ಲಿ ಬಂದ ಅವನ ಪುಸ್ತಕದ ಹೆಸರಿನ ಅರ್ಥ 'ಹಳ್ಳಿಯ ಕೊಳವೆಂಬ ಜೀವಸಮುದಾಯ'. ಅಲ್ಲಿ ಬಾತು ಒಂದು ಪಾಠವಲ್ಲ, ಕೊಳ ಪಾಠ. ಬಾತಿನ ಪಾದದ ಪೊರೆ, ಮೀನಿನ ಮೈ, ನೀರುಹುಳದ ಉಸಿರಾಟ, ದಡದ ಜೊಂಡು ಎಲ್ಲವೂ ಒಂದೇ ನೀರಿನ ಸುತ್ತ ಅರ್ಥ ಪಡೆಯಬೇಕು. ನೆಲೆಯನ್ನು ಶಾಲಾಪಾಠದ ಘಟಕವಾಗಿ ಮಾಡಿದ ಮೊದಲ ದೊಡ್ಡ ಪ್ರಯತ್ನ ಇದು.

ಯುಂಗೆಯ ಪುಸ್ತಕದಲ್ಲೇ ಅದರ ಸೋಲಿನ ಬೀಜವೂ ಇತ್ತು. ಕೊಳವನ್ನು ನೋಡಿದ್ದರಿಂದ ಮಕ್ಕಳು ಜೀವಜಗತ್ತಿನ ಸಾಮಾನ್ಯ ನಿಯಮಗಳನ್ನು ಹೆಕ್ಕಬೇಕೆಂದು ಅವನು ಬಯಸಿದ. ನಿಯಮಗಳನ್ನು ಅಚ್ಚುಕಟ್ಟಾಗಿ ಬರೆದೂ ಇಟ್ಟ. ಶಿಕ್ಷಕರ ಕೈಗೆ ಬಂದಾಗ ಕೊಳ ಹಿಂದೆ ಸರಿದು ನಿಯಮ ಬಾಯಿಪಾಠಕ್ಕೆ ಬಂತು. ಮುಂದಿನ ದಶಕದಲ್ಲಿ ಪಠ್ಯಪುಸ್ತಕಕಾರ ಒಟ್ಟೊ ಷ್ಮೈಲ್ ಎತ್ತಿದ ಟೀಕೆಗಳ ಬಳಿಕ ಪಾಠ ಮತ್ತೆ ಒಂಟಿ ಪ್ರಾಣಿಗೆ ಮರಳಿತು. ಅವನ ಪಠ್ಯಗಳು ಅಂಗದ ರೂಪಕ್ಕೂ ಬದುಕಿಗೂ ನಂಟು ಹೇಳುತ್ತಿದ್ದವು ಎಂಬುದು ನಿಜ, ಆದರೆ ನೆರೆಹೊರೆ ಮತ್ತೆ ಮರೆಯಾಯಿತು. ಅಮೆರಿಕದ ನಿಸರ್ಗಪಾಠ ಚಳವಳಿ ಇದೇ ದಾರಿಯಲ್ಲಿ ಬೇರೆ ಕಾರಣಕ್ಕೆ ಹೊರಟದ್ದು. 1890ರ ದಶಕದ ಆರ್ಥಿಕ ಕುಸಿತದಲ್ಲಿ ಹಳ್ಳಿಗರು ನ್ಯೂಯಾರ್ಕ್ ನಗರಕ್ಕೆ ಗುಳೆ ಹೋಗುವುದನ್ನು ಕಂಡು, ಮಕ್ಕಳಿಗೆ ಹೊಲದಲ್ಲಿ ಆಸಕ್ತಿ ಹುಟ್ಟಿಸಬೇಕೆಂದು ಕಾರ್ನೆಲ್ ವಿಶ್ವವಿದ್ಯಾಲಯ ಶಿಕ್ಷಕರಿಗೆ ಪಾಠಪತ್ರಿಕೆಗಳನ್ನು ಹಂಚಿತು. ಅವುಗಳಿಂದ ಬೆಳೆದದ್ದು ಆನಾ ಕಾಮ್‌ಸ್ಟಾಕ್ 1911ರಲ್ಲಿ ಪ್ರಕಟಿಸಿದ ನಿಸರ್ಗಪಾಠದ ಕೈಪಿಡಿ.

ಭಾರತಕ್ಕೆ ವಸ್ತುಪಾಠ ಬಂದದ್ದು ಇಂಗ್ಲಿಷ್ ಆಡಳಿತದ ಜೊತೆ. ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಹಳ್ಳಿಯ ಮಕ್ಕಳನ್ನು ಗಮನಿಸುವ, ಯೋಚಿಸುವ ರೈತರನ್ನಾಗಿಸುವ ಮಾತಾಡಿತು. 1937ರ ವಾರ್ಧಾ ಸಮ್ಮೇಳನದ ಬಳಿಕ ಝಾಕಿರ್ ಹುಸೇನ್ ಸಮಿತಿ ರೂಪಿಸಿದ ಪಠ್ಯಕ್ರಮದಲ್ಲಿ ನಿಸರ್ಗಪಾಠ ಸಾಮಾನ್ಯ ವಿಜ್ಞಾನದ ಒಳಗೆ ಸೇರಿತು. ಆದರೆ ಒಳ್ಳೆಯ ಕೆಲಸ ನಡೆದದ್ದು ನಿರ್ಣಯಗಳ ಹೊರಗೆ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಮಕ್ಕಳಿಗೆ ಬರೆದ ಒಂದು ಕಾಗದದಲ್ಲಿ ಯಾವ ಹಕ್ಕಿ ಎಲ್ಲಿ, ಏನನ್ನು ಬಳಸಿ ಗೂಡು ಕಟ್ಟುತ್ತಿದೆ ಎಂಬುದನ್ನೇ ಸುದ್ದಿಯಂತೆ ತಿಳಿಸಿದರು. ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರ ಹಾವಿನ ಪದ್ಯ ಹಾವನ್ನು ಕೇಡಿನ ಪಾತ್ರವಾಗಿಸದೆ ಮಗುವಿನೆದುರು ತಂದು ಮಾತಾಡಿಸಿತು. 1930ರ ದಶಕದಲ್ಲಿ ಶಿವರಾಮ ಕಾರಂತರು ಒಬ್ಬರೇ ಹೊತ್ತು ತಂದ 'ಬಾಲಪ್ರಪಂಚ'ದ ಮೂರು ಸಂಪುಟಗಳು ಮಕ್ಕಳಿಗೆ ವಿಶ್ವಕೋಶವನ್ನೇ ಕೊಟ್ಟವು. ಕಾರಂತರ ಸಾಹಸ ಇಲಾಖೆಯ ಕೆಲಸವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಸ್ವತಂತ್ರ ಭಾರತದಲ್ಲಿ ವಿಷಯದ ಹೆಸರು ಬದಲಾದದ್ದು 1975ರಲ್ಲಿ. ಆ ವರ್ಷ ಎನ್‌ಸಿಇಆರ್‌ಟಿ ಹೊರತಂದ ಹತ್ತು ವರ್ಷದ ಶಾಲೆಯ ಪಠ್ಯಕ್ರಮ ಚೌಕಟ್ಟು ಪ್ರಾಥಮಿಕ ಹಂತಕ್ಕೆ ಪರಿಸರ ಅಧ್ಯಯನವನ್ನು ತಂದಿತು; ಆದರೆ ಮೂರನೆಯ ತರಗತಿಯಿಂದ ವಿಜ್ಞಾನಕ್ಕೊಂದು, ಸಮಾಜಕ್ಕೊಂದು ಭಾಗ ಎಂದು ಅದನ್ನು ಎರಡಾಗಿ ಸೀಳಿತ್ತು. ಪ್ರಾಣಿ ಒಂದು ಕಡೆ, ಅದರ ಕೆರೆಯನ್ನು ಬಳಸುವ ಊರು ಇನ್ನೊಂದು ಕಡೆ. ಎಂ.ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದಾಗ ಸಿಕ್ಕಿದ್ದು ಕಾನೂನಿನ ಬಲ, ಕಲಿಸುವ ಬಗೆಯಲ್ಲ. ಸೀಳನ್ನು ಹೊಲಿದದ್ದು 2000 ಮತ್ತು 2005ರ ಚೌಕಟ್ಟುಗಳು. 2005ರದ್ದನ್ನು ಅನುಸರಿಸಿದ ಪಠ್ಯಕ್ರಮ ಮೂರರಿಂದ ಐದನೆಯ ತರಗತಿಯ ಪರಿಸರ ಅಧ್ಯಯನವನ್ನು ಆರು ವಸ್ತುಗಳ ಸುತ್ತ ಹೆಣೆದು, ಪ್ರಾಣಿಗಳನ್ನು 'ಕುಟುಂಬ ಮತ್ತು ಗೆಳೆಯರು' ಎಂಬುದರೊಳಗೆ ಇಟ್ಟಿತು. ಗಿಜುಭಾಯಿ ಅವರ ಆ ಕಾಗದ ನಾಲ್ಕನೆಯ ತರಗತಿಯ ಪುಸ್ತಕಕ್ಕೆ ಬಂತು; ಐದನೆಯ ತರಗತಿಯಲ್ಲಿ ಹಾವಾಡಿಗರ ಮನೆಯ ಕತೆ ಬಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಳಿಸಹೊರಟ ಹಾವಿನ ಜೊತೆಗೇ ಆ ಕಾಯ್ದೆಯಿಂದ ಕಸುಬು ಕಳೆದುಕೊಂಡವರನ್ನೂ ಮಗುವಿನ ಮುಂದೆ ನಿಲ್ಲಿಸಿತು. ಪ್ರಾಣಿಯ ನೆಲೆಯಲ್ಲಿ ಮನುಷ್ಯನೂ ಇದ್ದಾನೆ ಎಂಬುದು ಯುಂಗೆ ಅಷ್ಟಾಗಿ ಬಿಡಿಸಿ ಹೇಳದಿದ್ದ ಮಾತು; ಈ ಪುಸ್ತಕಗಳ ನಿಜವಾದ ಸೇರ್ಪಡೆ ಅದೇ.

ಜಾಗವನ್ನು ಪಾಠ ಮಾಡುವುದೆಂದರೆ ಏನು ಎಂಬುದಕ್ಕೆ ಪಟ್ಟಿಯಲ್ಲೇ ಇರುವ ಹುತ್ತವನ್ನು ತೆಗೆದುಕೊಳ್ಳಬಹುದು. ಬಯಲುಸೀಮೆಯ ಶಾಲೆಯ ಬೇಲಿಯಾಚೆ ಅದು ಸಿಗುತ್ತದೆ. ಅದನ್ನು ಎಬ್ಬಿಸುವುದು ಗೆದ್ದಲು, ಮಣ್ಣಿಗೆ ತನ್ನ ಜೊಲ್ಲು ಬೆರೆಸಿ. ನಮ್ಮ ಕಡೆಯ ಹುತ್ತದ ಗೆದ್ದಲು ಒಳಗೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಆ ತೋಟದ್ದೇ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಗುಂಪಾಗಿ ಹೊರಬಿದ್ದಾಗ ಕಾಗೆ, ಕಪ್ಪೆ, ಹಲ್ಲಿ, ಓತಿಕ್ಯಾತಗಳಿಗೆ ಹಬ್ಬ. ಕಪ್ಪೆ, ಇಲಿ ಇದ್ದಲ್ಲಿಗೆ ನಾಗರಹಾವು ಬರುತ್ತದೆ, ಬಿಸಿಲಿಗೆ ಹುತ್ತದ ತಂಪು ಕೋವಿಯೊಳಗೆ ಸೇರುತ್ತದೆ. ದರೋಜಿಯಂಥ ಬಂಡೆಗುಡ್ಡದ ಸೀಮೆಯಲ್ಲಾದರೆ ಕರಡಿ ಬಂದು ಹುತ್ತವನ್ನು ಉಗುರಿನಿಂದ ಕೆದರಿ ಗೆದ್ದಲನ್ನು ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲದಿರುವುದು ಅದಕ್ಕೆ ಅನುಕೂಲವೇ. (ಗುಹೆಯಲ್ಲಿ ಮರಿ ಹಾಕುವುದೂ ಈ ಕರಡಿಯೇ, ಪಟ್ಟಿಯಲ್ಲಿ ಸಿಂಹದ ಜಾಗ ಅದಕ್ಕೆ ಸಲ್ಲಬೇಕಿತ್ತು.) ನಾಗರಪಂಚಮಿಗೆ ಊರವರು ಬಂದು ಹುತ್ತಕ್ಕೆ ಹಾಲೆರೆಯುತ್ತಾರೆ. ಹಾವು ಹಾಲು ಕುಡಿದು ಬದುಕುವ ಪ್ರಾಣಿಯಲ್ಲ ಎಂದು ಶಿಕ್ಷಕರು ಹೇಳಬೇಕಾಗುತ್ತದೆ, ಪೂಜೆಯ ದೆಸೆಯಿಂದಲೇ ಹುತ್ತ ಗುದ್ದಲಿಗೆ ಸಿಗದೆ ಉಳಿದಿದೆ ಎಂಬುದನ್ನೂ. 'ಹಾವು – ಹುತ್ತ' ಎಂಬ ಸಾಲು ಇಷ್ಟನ್ನೂ ಮುಚ್ಚಿಹಾಕುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ವಯಸ್ಸಿನದು: ಏಳು ವರ್ಷದ ಮಗುವಿಗೆ ಸಂಬಂಧಗಳ ಜಾಲ ಅರ್ಥವಾಗದು, ಮೊದಲು ಒಂದೊಂದೇ ಪ್ರಾಣಿಯನ್ನು ಗುರುತಿಸಲಿ. ಮನಶ್ಶಾಸ್ತ್ರಜ್ಞ ಪಿಯಾಜೆಯ ಬರಹಗಳನ್ನು ಇದಕ್ಕೆ ಒತ್ತಾಸೆಯಾಗಿ ಎಳೆದು ತರುವುದುಂಟು. ಯುಂಗೆಯ ಅನುಭವವೂ ಮೇಲ್ನೋಟಕ್ಕೆ ಅದನ್ನೇ ಹೇಳುತ್ತದೆ. ಆದರೆ ಅಲ್ಲಿ ಮಕ್ಕಳಿಗೆ ಭಾರವಾದದ್ದು ಕೊಳವಲ್ಲ, ಕೊಳದ ಮೇಲೆ ಹೇರಿದ ಸೂತ್ರ. ಜಪಾನಿನ ಕಯೋಕೊ ಇನಾಗಾಕಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಲ್ಲಿ ಚಿನ್ನದ ಮೀನು ಸಾಕಿದ ಐದು ವರ್ಷದ ಮಕ್ಕಳು, ತಾವು ಎಂದೂ ಸಾಕದ ಕಪ್ಪೆಯ ಬೆಳವಣಿಗೆಯನ್ನೂ ಮೀನಿನ ಅನುಭವದಿಂದ ಊಹಿಸಬಲ್ಲವರಾಗಿದ್ದರು; ಸಾಕದ ಮಕ್ಕಳು ಅಷ್ಟು ಚೆನ್ನಾಗಿ ಊಹಿಸಲಿಲ್ಲ. ಒಂದು ಜೀವಿಯ ಜೊತೆಗಿನ ಒಡನಾಟ ಇನ್ನೊಂದರ ಬಗ್ಗೆ ತರ್ಕಿಸಲು ಸಾಕಾಯಿತು ಎಂದರೆ, ಆ ವಯಸ್ಸಿಗೆ ಹೆಸರು ಮತ್ತು ಚಿತ್ರ ಮಾತ್ರ ತಕ್ಕದ್ದು ಎನ್ನುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿ. ಬೆಂಗಳೂರಿನ ಮಗುವಿಗೆ ಹುತ್ತವೂ ಇಲ್ಲ, ಕೊಳವೂ ಇಲ್ಲ. ಟಿವಿಯಲ್ಲಿ ಪೆಂಗ್ವಿನ್ ಇದೆ, ಹಿಮಕರಡಿ ಇದೆ, ಅವನ್ನೇಕೆ ಬಿಡಬೇಕು? ಬಿಡಬೇಕಾಗಿಲ್ಲ. ದೂರದ ಪ್ರಾಣಿಯ ಬಗೆಗಿನ ಬೆರಗು ಕಲಿಕೆಗೆ ಬಂಡವಾಳ. ಆದರೆ ಹೆಸರು ಕಲಿಯುವ ಶಕ್ತಿಗೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಿಂದ ಒಂದು ಸಾಕ್ಷ್ಯವಿದೆ: 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು ತೋರಿಸಿದಂತೆ, ಎಂಟು ವರ್ಷದ ಮಕ್ಕಳು ಪೋಕೆಮಾನ್ ಆಟದ ಜೀವಿಗಳಲ್ಲಿ ಶೇ. 80ರ ಹತ್ತಿರದಷ್ಟನ್ನು ಗುರುತಿಸಿದರೆ ತಮ್ಮ ನಾಡಿನ ಜೀವಿಗಳಲ್ಲಿ ಗುರುತಿಸಿದ್ದು ಅರ್ಧದಷ್ಟನ್ನು. ಮಕ್ಕಳ ನೆನಪು ಸೊರಗಿಲ್ಲ. ನೆನಪಿಗೆ ಸಿಗುವ ಸರಕು ಬದಲಾಗಿದೆ. ನಗರದಲ್ಲಿ ನೆಲೆಗಳೂ ಇಲ್ಲದಿಲ್ಲ: ಟ್ಯೂಬ್‌ಲೈಟಿನ ಪಕ್ಕ ಹುಳಕ್ಕೆ ಕಾಯುವ ಹಲ್ಲಿ, ಶಾಲೆಯ ಕಾಂಪೌಂಡಿನ ಬಿರುಕಿನ ಇರುವೆ, ತಂತಿ ಚೂರು ಸೇರಿಸಿ ಗೂಡು ಕಟ್ಟುವ ಕಾಗೆ, ಅದರಲ್ಲಿ ಮೊಟ್ಟೆಯಿಡುವ ಕೋಗಿಲೆ.

ಹಾವಿನ ಭಯವೊಡ್ಡುವ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಹುತ್ತವನ್ನು ದೂರದಿಂದ ನೋಡಬೇಕು, ಅಗೆಯಬಾರದು, ಕೋವಿಗೆ ಕೈ ಹಾಕಬಾರದು ಎಂಬುದೂ ಪಾಠದ ಭಾಗವೇ. ಹಿಡಿದು ತಂದು ತೋರಿಸುವ ಹಳೆಯ ಪದ್ಧತಿಗೆ ವನ್ಯಜೀವಿ ಕಾಯ್ದೆಯೂ ಅಡ್ಡ ನಿಂತಿದೆ. ಉಳಿಯುವುದು ಪರೀಕ್ಷೆಯ ಪ್ರಶ್ನೆ. ಪಟ್ಟಿಯ ಒಂದು ಸಾಲಿಗೆ ಒಂದು ಅಂಕ. ಉತ್ತರ ಸರಿ ಅಥವಾ ತಪ್ಪು. ಹುತ್ತದ ಬಳಿ ಏನೇನು ಬರುತ್ತದೆ ಎಂಬ ಪ್ರಶ್ನೆಗೆ ಜೂನಿನಲ್ಲೊಂದು ಉತ್ತರ, ಮಾರ್ಚಿನಲ್ಲೊಂದು, ಚಿತ್ರದುರ್ಗದಲ್ಲೊಂದು, ಉಡುಪಿಯಲ್ಲೊಂದು. ರಾಜ್ಯಕ್ಕೆಲ್ಲ ಒಂದೇ ಪುಸ್ತಕ ಅಚ್ಚು ಹಾಕುವ ವ್ಯವಸ್ಥೆಗೆ ಇದು ಒಗ್ಗುವುದಿಲ್ಲ, ನಲವತ್ತು ನಿಮಿಷದ ಪೀರಿಯಡ್ಡಿಗೆ ಇನ್ನೂ ಒಗ್ಗುವುದಿಲ್ಲ. 2023ರ ರಾಷ್ಟ್ರೀಯ ಚೌಕಟ್ಟು ಮೂರರಿಂದ ಐದನೆಯ ತರಗತಿಯ ಈ ವಿಷಯಕ್ಕೆ 'ನಮ್ಮ ಸುತ್ತಲ ಜಗತ್ತು' ಎಂಬರ್ಥದ ಹೊಸ ಹೆಸರಿಟ್ಟಿದೆ, ಸುತ್ತಲನ್ನು ಹೋಗಿ ನೋಡುವುದಕ್ಕೆ ಒತ್ತು ಕೊಟ್ಟಿದೆ. ಒಂದೇ ಜಾಗಕ್ಕೆ ವರ್ಷದಲ್ಲಿ ಹಲವು ಸಲ ಮಕ್ಕಳನ್ನು ಕರೆದೊಯ್ಯುವ ಬಿಡುವನ್ನು ವೇಳಾಪಟ್ಟಿ ಶಿಕ್ಷಕರಿಗೆ ಕೊಡದಿದ್ದರೆ, ಹೊಸ ಪುಸ್ತಕದ ಬೆನ್ನಿಗೇ ಗೈಡುಗಳಲ್ಲಿ ಸಿಂಹ ಮತ್ತೆ ಗುಹೆ ಸೇರುತ್ತದೆ.