ಪೆಡಲ್‌ಗೆ ಪುಟ್ಟ ಡಬ್ಬಿ ಜೋಡಿಸಿದರೆ ಡೀಸೆಲ್ ಗಾಡಿಯ ಪವರ್ ಹೆಚ್ಚುತ್ತದೆಯೇ?

ಹೇಳಿಕೆ

ಆಕ್ಸಿಲರೇಟರ್ ಪೆಡಲ್‌ನ ವೈರಿಗೆ ಒಂದು ಎಲೆಕ್ಟ್ರಾನಿಕ್ ಡಬ್ಬಿ ಜೋಡಿಸಿದರೆ ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿಗಳ ಪವರ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ, ಬೆಟ್ಟ ಹತ್ತುವುದು ಸುಲಭವಾಗುತ್ತದೆ.

ನಿಜಾಂಶ

ತಪ್ಪು ಹೇಳಿಕೆ. ಡಬ್ಬಿಯಿಂದ ಪೆಡಲ್ ಚುರುಕಾಗುತ್ತದೆ, ಎಂಜಿನ್ ಬಲ ಹೆಚ್ಚುವುದಿಲ್ಲ. ಬಂಡೆ, ಕೆಸರಿನ ಹಾದಿಯಲ್ಲಿ ಇದು ಅಪಾಯಕ್ಕೂ ದಾರಿಯಾಗಬಹುದು.

ಪೆಡಲ್ ಒತ್ತಿದಾಗ ಏನಾಗುತ್ತದೆ?

ರಾಮನಗರದ ಪಕ್ಕದ ಬಿಡದಿಯಲ್ಲೇ ಇದಕ್ಕೆ ಉದಾಹರಣೆ ಇದೆ. ಅಲ್ಲಿನ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಮಾರುಕಟ್ಟೆಗೆ ಬಂದ ಡೀಸೆಲ್ ಕ್ವಾಲಿಸ್‌ನಲ್ಲಿ ಪೆಡಲ್‌ನಿಂದ ಡೀಸೆಲ್ ಪಂಪಿಗೆ ನೇರವಾಗಿ ಕೇಬಲ್ ಇತ್ತು. ಅದೇ ಕಾರ್ಖಾನೆಯ ಈಗಿನ ಫಾರ್ಚುನರ್‌ನಲ್ಲಿ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಸೆನ್ಸರ್ ಅಳೆದು ಎಂಜಿನ್ ಕಂಪ್ಯೂಟರ್‌ಗೆ (ಇಸಿಯು) ತಿಳಿಸುತ್ತದೆ. ಎಷ್ಟು ಡೀಸೆಲ್ ಸಿಂಪಡಿಸಬೇಕು ಎಂದು ತೀರ್ಮಾನಿಸುವುದು ಇಸಿಯು.

ಡಬ್ಬಿ ಮಾಡುವುದೇನು?

ಅದು ಸೆನ್ಸರ್ ಮತ್ತು ಇಸಿಯು ನಡುವೆ ಕೂತು ಲೆಕ್ಕ ಬದಲಿಸುತ್ತದೆ. ನೀವು ಶೇ. 30ರಷ್ಟು ಒತ್ತಿದರೆ “ಶೇ. 50” ಎಂದು ಹೇಳುತ್ತದೆ. ಆದರೆ ಪೂರ್ತಿ ಒತ್ತಿದಾಗ 100 ಎಂದರೆ 100 ಮಾತ್ರ. ನಲ್ಲಿಯನ್ನು ಬೇಗ ತಿರುಗಿಸಿದರೆ ನೀರು ಬೇಗ ಬರುತ್ತದೆ, ಆದರೆ ಪೈಪು ದಪ್ಪವಾಗುವುದಿಲ್ಲ. ಮೈಲೇಜ್ ಮಾತೂ ಅಷ್ಟೇ. ಪದೇ ಪದೇ ಜೋರಾಗಿ ರೇಸ್ ಕೊಟ್ಟರೆ ಡೀಸೆಲ್ ಇನ್ನೂ ಹೆಚ್ಚು ಸುಡುತ್ತದೆ.

ಹಾಗಾದರೆ ಪಿಕಪ್ ತಡವಾಗುವುದೇಕೆ?

ಮುಖ್ಯ ಕಾರಣ ಟರ್ಬೊ. ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಈ ಚಕ್ರ ತಿರುಗುವುದು ಹೊಗೆಯ ರಭಸದಿಂದ. ಎಂಜಿನ್ ನಿಧಾನವಾಗಿ ತಿರುಗುವಾಗ ಆ ರಭಸ ಕಡಿಮೆ. ಗಾಳಿ ಸಾಲದೆ ಡೀಸೆಲ್ ಸುರಿದರೆ ಕಪ್ಪು ಹೊಗೆ ಬರುತ್ತದೆ. ಹಾಗಾಗಿ ಗಾಳಿ ಬರುವವರೆಗೆ ಇಸಿಯು ಡೀಸೆಲ್ ಅನ್ನು ತಡೆದು ಹಿಡಿಯುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಗೆಯ ಮಿತಿ ಇನ್ನೂ ಬಿಗಿಯಾಗಿದೆ.

2.8 ಲೀಟರ್ ಆಟೋಮ್ಯಾಟಿಕ್ ಫಾರ್ಚುನರ್‌ನ ಗರಿಷ್ಠ ಎಳೆತ 500 ನ್ಯೂಟನ್ ಮೀಟರ್. ಅದು ಸಿಗುವುದು 1,600ರಿಂದ 2,800 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಎಂಜಿನ್ ಇದ್ದರೆ ಡಬ್ಬಿ ಏನೂ ಮಾಡಲಾರದು. ಇಲ್ಲಿ ನೆರವಾಗುವುದು ಗಾಡಿಯಲ್ಲೇ ಇರುವ ‘ಫೋರ್ ಲೋ’ ಗೇರ್. ಅದರಲ್ಲಿ ಚಕ್ರ ನಿಧಾನವಾಗಿ ತಿರುಗುತ್ತಿದ್ದರೂ ಎಂಜಿನ್ ಹೆಚ್ಚು ವೇಗದಲ್ಲಿ ಓಡುತ್ತದೆ, ಚಕ್ರಕ್ಕೆ ತಲುಪುವ ಎಳೆತವೂ ಹೆಚ್ಚುತ್ತದೆ.

ಅಪಾಯ ಎಲ್ಲಿದೆ?

ಮಳೆ ಬಿದ್ದ ಮೇಲೆ ಮಾಗಡಿ ಕಡೆಯ ಬಂಡೆ ಹಾದಿ, ಕನಕಪುರ ಕಡೆಯ ಕೆಸರು, ಚನ್ನಪಟ್ಟಣದ ತೋಟದ ಇಳಿಜಾರು ಎಲ್ಲವೂ ಜಾರುತ್ತವೆ. ಗಾಡಿ ಕುಲುಕಿದಾಗ ಪೆಡಲ್ ಮೇಲಿನ ಕಾಲೂ ಕುಲುಕುತ್ತದೆ. ಚುರುಕು ಪೆಡಲ್ ಆ ಸಣ್ಣ ಕುಲುಕನ್ನೇ ದೊಡ್ಡ ರೇಸ್ ಮಾಡುತ್ತದೆ. ಚಕ್ರ ಹಿಡಿತ ಬಿಟ್ಟು ಸುತ್ತಿ, ಗಾಡಿ ಅಡ್ಡ ಜಾರಬಹುದು. ಇಂಥ ಕಡೆ ಪೆಡಲ್ ಮೃದುವಾಗಿದ್ದಷ್ಟೂ ಒಳ್ಳೆಯದು.

ಪಿಕಪ್ ಇದ್ದಕ್ಕಿದ್ದಂತೆ ಕುಗ್ಗಿದರೆ?

• ಏರ್ ಫಿಲ್ಟರ್‌ನಲ್ಲಿ ಧೂಳು ಕಟ್ಟಿದೆಯೇ ನೋಡಿ. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಇದು ಮೊದಲ ಅನುಮಾನ.
• ಡೀಸೆಲ್ ಫಿಲ್ಟರ್, ಟರ್ಬೊ ಪೈಪು ಪರೀಕ್ಷಿಸಿ. ಪೈಪು ಸೀಳಿದ್ದರೆ ಗಾಳಿ ಸೋರುತ್ತದೆ.
• ಎಂಜಿನ್ ದೀಪ ಹತ್ತಿದ್ದರೆ ಸ್ಕ್ಯಾನ್ ಮಾಡಿಸಿ. ದೋಷ ಕಂಡಾಗ ಇಸಿಯು ತಾನೇ ಪವರ್ ತಗ್ಗಿಸುತ್ತದೆ.

ಇಂಥ ದೋಷ ಇರುವಾಗ ಡಬ್ಬಿ ಹಾಕಿದರೆ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ವಾರಂಟಿ ಇರುವ ಗಾಡಿಯಾದರೆ, ವೈರಿಂಗ್ ಮುಟ್ಟುವ ಮುನ್ನ ಷರತ್ತುಗಳನ್ನು ಓದಿ.

ಒಟ್ಟಿನಲ್ಲಿ

ಡಬ್ಬಿ ಬದಲಿಸುವುದು ಪೆಡಲ್ ಹೇಳುವ ಲೆಕ್ಕವನ್ನು, ಎಂಜಿನ್ ಕೊಡುವ ಬಲವನ್ನಲ್ಲ. “ಪವರ್ ಹೆಚ್ಚುತ್ತದೆ” ಎಂಬ ಮೆಸೇಜ್ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಡಿ.