ಒಡಲು ಹಲವು, ಸೆರಗು ಒಂದೇ

ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು. ಒಡಲಿನ ಎಳೆಗಳ ಕುಣಿಕೆಗೆ ಸೆರಗಿನ ಎಳೆಗಳನ್ನು ಕೋದು ಎರಡನ್ನೂ ಬೆಸೆಯುತ್ತಾರೆ. ಇದೇ ಕೊಂಡಿ. ಬೆರಳಿನ ಈ ಕೆಲಸಕ್ಕೆ ಅಪಾರ ತಾಳ್ಮೆ ಬೇಕು.

ಲಾಭವೂ ಅಷ್ಟೇ ದೊಡ್ಡದು. ದುಬಾರಿ ರೇಷ್ಮೆಯನ್ನು ಸೆರಗು, ದಡಿಗಳಿಗೆ ಮೀಸಲಿಟ್ಟು ಒಡಲನ್ನು ಹತ್ತಿಯಲ್ಲೇ ನೇಯಬಹುದು. ಸೀರೆಯ ಬೆಲೆ ಇಳಿಯುತ್ತದೆ. ಒಡಲು ಪಟ್ಟಿಯದಿರಲಿ, ಚೌಕಳಿಯದಿರಲಿ, ದಡಿ ಗೋಮಿಯಿರಲಿ, ಚಿಕ್ಕಿ ಪರಾಸವಿರಲಿ, ಗಾಡಿಯಿರಲಿ, ಟೋಪ ತೆನಿ ಸೆರಗು ಎಲ್ಲಕ್ಕೂ ಒಪ್ಪುತ್ತದೆ: ಕೆಂಪು ನೆಲ, ಅದರ ಮೇಲೆ ಬಿಳಿ ತೆನೆಗಳ ಸಾಲು. ಕಡಿಮೆ ಖರ್ಚಿನಲ್ಲಿ ಇಷ್ಟು ಚೆಲುವು ತಂದ ನೇಕಾರರ ಜಾಣ್ಮೆ ನಿಜಕ್ಕೂ ದೊಡ್ಡದು.

ಸೀರೆ ಕೊಳ್ಳುವಾಗ ಒಡಲು, ಸೆರಗು ಕೂಡುವ ಜಾಗವನ್ನು ತಿರುಗಿಸಿ, ಕೊಂಡಿಗಳ ಸಾಲನ್ನು ಕಣ್ಣಾರೆ ನೋಡಿ.